ನರ ಸಿಗುವ ಮೊದಲು ಸಹಿ ಸಿಗಬೇಕು

ನಾವು ಮನೆಮಾತಿನಲ್ಲಿ ನರವೆಂದೂ ಪಠ್ಯಪುಸ್ತಕದಲ್ಲಿ ಅಭಿಧಮನಿಯೆಂದೂ ಕರೆಯುವ ನಾಳದ ಬಗ್ಗೆ ಕ್ಯಾಲಿಫೋರ್ನಿಯಾ ಸರ್ಕಾರ ಇಟ್ಟಿರುವ ಲೆಕ್ಕವನ್ನು ಓದಿದ ಮೇಲೆ, ಇಂಥ ಗೌರವಾನ್ವಿತ ಸರ್ಕಾರಿ ಆಸ್ತಿಯನ್ನು ಇಷ್ಟು ವರ್ಷ ಅರ್ಧ ತೋಳಿನ ಅಂಗಿಯಲ್ಲಿ ಬಯಲಿಗಿಟ್ಟುಕೊಂಡು ತಿರುಗಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅಲ್ಲಿ ತಪಾಸಣೆಗೆಂದು ರಕ್ತ ತೆಗೆಯುವ ಫ್ಲೆಬಾಟಮಿಸ್ಟ್ ಆಗಬೇಕಾದವರು 40 ಗಂಟೆ ಪಾಠ ಕೇಳಿ, 40 ಗಂಟೆ ಅಭ್ಯಾಸ ಮಾಡಿ, 50 ಸಲ ನರಕ್ಕೂ 10 ಸಲ ಬೆರಳ ತುದಿಯಂಥ ಚರ್ಮಕ್ಕೂ ಸೂಜಿ ಚುಚ್ಚಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರಾಜ್ಯದ ಪ್ರಮಾಣಪತ್ರ ಪಡೆಯಬೇಕು. ನರದ ಗೊಡವೆಯೇ ಬೇಡ, ಬೆರಳಷ್ಟೇ ಸಾಕು ಎನ್ನುವವರಿಗೆ ಒಂದು ಸೀಮಿತ ದರ್ಜೆಯುಂಟು. ಅವರು ಚುಚ್ಚಬೇಕಾದದ್ದು 25 ಸಲ. ಎರಡನ್ನೂ ಬಲ್ಲವರಿಗೆ ಹತ್ತು ಬೆರಳು ಸಾಕು, ಬೆರಳೊಂದನ್ನೇ ನಂಬಿ ಬಂದವರಿಗೆ ಇಪ್ಪತ್ತೈದು ಬೇಕು. ಈ ಲೆಕ್ಕ ಹಾಕಿದ ಅಧಿಕಾರಿಯ ಕೈಯಲ್ಲಿ ಎಷ್ಟು ಬೆರಳಿದ್ದವೋ ನಾನರಿಯೆ.

ಇದು ಕಲಿಯುವವರ ಪಾಡಾಯಿತು; ಕಲಿಸಲು ಹೊರಟವರದು ಇದಕ್ಕಿಂತ ರಮ್ಯವಾಗಿದೆ. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು, ಕತ್ತಲಲ್ಲೂ ನರ ಹುಡುಕಬಲ್ಲ ದಾದಿಯೊಬ್ಬರಿಗೆ ಅಲ್ಲಿನ ಫ್ರೀಮಾಂಟ್ ಎಂಬ ಊರಿನಲ್ಲಿ ಒಂದು ತರಬೇತಿ ಶಾಲೆ ತೆರೆಯುವ ಆಸೆ ಹುಟ್ಟಿತೆಂದು ಇಟ್ಟುಕೊಳ್ಳಿ. ಪಾಠಕ್ರಮಕ್ಕೆ ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಾಲಯ ವಿಭಾಗದ ಅನುಮೋದನೆ ಬೇಕು. ಖಾಸಗಿ ಶಾಲೆಯೆಂಬ ಕಾರಣಕ್ಕೆ ಅದೇ ರಾಜ್ಯದ ಇನ್ನೊಂದು ಕಚೇರಿಯಾದ ಖಾಸಗಿ ಶಿಕ್ಷಣ ಬ್ಯೂರೋದ ಅನುಮೋದನೆಯೂ ಬೇಕು. ವಿದ್ಯಾರ್ಥಿಗಳು ಚುಚ್ಚಿ ಕಲಿಯುವುದಕ್ಕೆ ರೋಗಿಗಳಿರುವ ಆಸ್ಪತ್ರೆಯೊಂದು ಒಪ್ಪಬೇಕು, ಒಪ್ಪಂದವೆಲ್ಲಿ ಎಂದು ಕಚೇರಿ ಕೇಳುತ್ತದೆ, ಅನುಮೋದನೆ ಎಲ್ಲಿ ಎಂದು ಆಸ್ಪತ್ರೆ ಕೇಳುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಹಳ್ಳಿಯ ಮಾತಿಗೆ ಕಚೇರಿಯ ಮೊಹರು ಬಿದ್ದದ್ದು ಇಲ್ಲಿಯೇ. ತರಗತಿಗೆ ಇಪ್ಪತ್ತು ಮಂದಿ ಸೇರಿದರೂ 1000 ನರಗಳು ಬೇಕು, ಅದೂ ಬೇರೆ ಶಾಲೆಯವರು ಆಗಲೇ ಗುತ್ತಿಗೆ ಹಿಡಿಯದ ನರಗಳು. ಈ ಸುತ್ತಾಟದಲ್ಲೆಲ್ಲ ಆ ದಾದಿಯ ಕೈಗೆ ಒಂದು ಸೂಜಿ ಕೊಟ್ಟು, ಎಲ್ಲಿ, ಚುಚ್ಚಿ ತೋರಿಸಿ ಎಂದವರು ಮಾತ್ರ ಒಬ್ಬರೂ ಇರುವುದಿಲ್ಲ.

ಇಷ್ಟಕ್ಕೂ ಈ ವ್ಯವಸ್ಥೆ ಸುಮ್ಮನೆ ಹುಟ್ಟಿದ್ದಲ್ಲ. 1999ರಲ್ಲಿ ಅದೇ ರಾಜ್ಯದ ಪಾಲೋ ಆಲ್ಟೊದ ರಕ್ತ ಸಂಗ್ರಹ ಕೇಂದ್ರವೊಂದರಲ್ಲಿ ಬಳಸಿದ ಸೂಜಿಯನ್ನೇ ಮತ್ತೊಬ್ಬರಿಗೆ ಬಳಸಿದ ಸಂಗತಿ ಹೊರಬಿದ್ದು, ಸಾವಿರಾರು ಜನ ಎಚ್‌ಐವಿ ಮತ್ತು ಹೆಪಟೈಟಿಸ್ ತಪಾಸಣೆಯ ಭಯಕ್ಕೆ ಬಿದ್ದರು. ಜನ ಸಿಟ್ಟಾದರು, ಶಾಸನ ಬಂತು, 2003ರಲ್ಲಿ ನಿಯಮಗಳು ಜಾರಿಯಾದವು. ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಬಂದು ರಕ್ತ ತೆಗೆದುಕೊಂಡು ಹೋಗುವ ಹುಡುಗನ ಹೆಸರನ್ನೂ ಸರಿಯಾಗಿ ಕೇಳದ ಬೆಂಗಳೂರಿನವನಾದ ನಾನು ಆ ಸಿಟ್ಟನ್ನು ಗೌರವಿಸಲೇಬೇಕು. ಆದರೆ ಅಲ್ಲಿ ತಪ್ಪಿದ್ದು ಚುಚ್ಚುವ ವಿದ್ಯೆಯಲ್ಲ; ಸೂಜಿಯನ್ನು ಎಸೆಯುವ ಬುದ್ಧಿ. ಎಸೆಯದ ತಪ್ಪಿಗೆ ಚುಚ್ಚುವುದನ್ನು ಐವತ್ತು ಸಲ ಎಣಿಸಿದ್ದನ್ನು ನಮ್ಮವರು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುತ್ತಾರೆ.

ಹೀಗೆ ರಾಜ್ಯವು ವಿದ್ಯಾರ್ಥಿಗಳ ಬೆರಳೆಣಿಸಲು ಕುಳಿತ ಅದೇ 2003ರಲ್ಲಿ, ಅದೇ ಪಾಲೋ ಆಲ್ಟೊದಲ್ಲಿ, ಹತ್ತೊಂಬತ್ತರ ಹರೆಯದ ಎಲಿಜಬೆತ್ ಹೋಮ್ಸ್ ಮುಂದೆ ಥೆರಾನೋಸ್ ಎಂದು ಹೆಸರಾದ ಕಂಪನಿಯನ್ನು ಕಟ್ಟಿದಳು. ಬೆರಳಿನಿಂದ ಬಂದ ಕೆಲವೇ ಹನಿ ರಕ್ತದಲ್ಲಿ ಹತ್ತಾರು ಬಗೆಯ ತಪಾಸಣೆ ಮಾಡುತ್ತೇನೆಂದು ಹೇಳಿದ ಆ ಕಂಪನಿಗೆ ಸುಮಾರು 900 ಕೋಟಿ ಡಾಲರ್ ಬೆಲೆ ಕಟ್ಟಿದರು. ಬೆರಳು ಚುಚ್ಚುವವರು ಇಪ್ಪತ್ತೈದನೆಯ ಚುಚ್ಚನ್ನು ದಾಖಲೆಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳುತ್ತಿದ್ದಾಗ, ಆ ಹನಿ ಹೋಗಿ ಸೇರಿದ ಯಂತ್ರಕ್ಕೆ ಅದನ್ನು ಓದಲು ಬರುತ್ತದೆಯೇ ಎಂಬ ಪ್ರಶ್ನೆ ವರ್ಷಾನುಗಟ್ಟಲೆ ಉತ್ತರಕ್ಕೆ ಹಸಿದುಕೊಂಡೇ ಇತ್ತು. 2022ರ ಜನವರಿಯಲ್ಲಿ ನ್ಯಾಯಾಲಯವು ಆಕೆಯನ್ನು ಅಪರಾಧಿಯೆಂದು ಘೋಷಿಸಿದ್ದೂ ಹೂಡಿಕೆದಾರರಿಗೆ ಮಾಡಿದ ವಂಚನೆಗಾಗಿ. ರಕ್ತ ಕೊಟ್ಟವರ ವಿಷಯದ ಆರೋಪಗಳು ಸಾಬೀತಾಗಲಿಲ್ಲ. ಹಣ ಕೊಟ್ಟವರದು ಸಾಬೀತಾಯಿತು.

ಕ್ಷೌರಿಕರ ವಿಷಯವನ್ನು ಹೇಳದೆ ಬಿಟ್ಟರೆ ಈ ಪುರಾಣ ಪೂರ್ತಿಯಾಗದು. ಯೂರೋಪಿನಲ್ಲಿ ಶತಮಾನಗಳ ಕಾಲ ರೋಗಿಯ ನರ ಸೀಳಿ ರಕ್ತ ಹರಿಸುತ್ತಿದ್ದವರು ಕ್ಷೌರಿಕರೇ; ಅಂಗಡಿಯ ಮುಂದೆ ತಿರುಗುವ ಕೆಂಪು ಬಿಳಿ ಕಂಬ ಅದರದೇ ನೆನಪು. ಇಂದು ಕ್ಯಾಲಿಫೋರ್ನಿಯಾದಲ್ಲಿ ಕ್ಷೌರದ ಪರವಾನಗಿಗೆ 1000 ಗಂಟೆಗಳ ತರಬೇತಿ ಬೇಕು, ಅದೂ 1500 ಇದ್ದದ್ದನ್ನು 2022ರಲ್ಲಿ ಕರುಣೆಯಿಂದ ಇಳಿಸಿದ ಮೇಲೆ. ರಕ್ತಕ್ಕೆ ಎಂಬತ್ತು ಗಂಟೆ, ಕೂದಲಿಗೆ ಸಾವಿರ.

ನಮ್ಮ ದಾದಿ ಎರಡು ಕಚೇರಿಗಳ ಉತ್ತರಕ್ಕೆ ಕಾಯುತ್ತ ಒಂದು ಸಂಜೆ ನಕಾಶೆ ಬಿಡಿಸಿ ಕುಳಿತರಂತೆ. ಉತ್ತರಕ್ಕೆ 42ನೆಯ ಅಕ್ಷಾಂಶದ ಗೆರೆ ದಾಟಿದರೆ ಆರೆಗಾನ್ ರಾಜ್ಯ. ಅಲ್ಲಿ ಫ್ಲೆಬಾಟಮಿಸ್ಟ್‌ಗೆ ರಾಜ್ಯದ ಪರವಾನಗಿಯೇ ಬೇಕಿಲ್ಲ. ಸಂತೋಷದಿಂದ ಗಂಟುಮೂಟೆ ಕಟ್ಟಬೇಕೆನ್ನುವಷ್ಟರಲ್ಲಿ ಅವರ ಯಜಮಾನರು ಪಕ್ಕದಲ್ಲಿ ನಿಂತು, ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡು, ಅಲ್ಲಿಯೂ ತಮ್ಮ ಕೂದಲು ಕತ್ತರಿಸುವವನಿಗೆ ಪರವಾನಗಿ ಬೇಕೇ ಬೇಕು ಎಂಬುದನ್ನು ನೆನಪಿಸಿದರು.