ಸೆಕೆಗೆ ಅಮೈನೋ ಆಮ್ಲ ಕೊಡುವ ಮೊದಲು ಫೀಡ್‌ನಲ್ಲಿ ಪ್ರೋಟೀನ್ ಎಷ್ಟಿದೆ ನೋಡಿ

ಮಧ್ಯಾಹ್ನ ಎರಡೂವರೆ ಗಂಟೆ. ಶೆಡ್ ಒಳಗೆ ಹೋದರೆ ಸದ್ದೇ ಇಲ್ಲ. ಕೋಳಿ ಸಾಕಿದವರಿಗೆ ಗೊತ್ತು, ಆ ಹೊತ್ತಿನ ಮೌನ ಎಷ್ಟು ಕೆಟ್ಟದ್ದು ಅಂತ. ರೆಕ್ಕೆ ಮೈಯಿಂದ ದೂರ ಹಿಡಿದು, ಕತ್ತು ಚಾಚಿ, ಬಾಯಿ ತೆರೆದು ತೇಕುತ್ತಾ ಕೂತಿದ್ದವು. ಫೀಡರ್ ತುಂಬಾ ಫೀಡ್ ಇತ್ತು. ಒಂದೂ ಮುಟ್ಟಿರಲಿಲ್ಲ. ಸಂಜೆಯಾಗುವಷ್ಟರಲ್ಲಿ 38 ಬ್ರಾಯ್ಲರ್ ಕೋಳಿಗಳು ಸತ್ತಿದ್ದವು. ಐದು ವಾರ ಸಾಕಿದ ಕೋಳಿಗಳು. ಇನ್ನೆರಡು ದಿನದಲ್ಲಿ ಲಿಫ್ಟಿಂಗ್, ಅಂದರೆ ಮಾರಾಟಕ್ಕೆ ಕೋಳಿ ಎತ್ತುವುದು, ಇತ್ತು.

ಅದಕ್ಕೂ ಹತ್ತು ದಿನ ಮೊದಲು ನಾನು ಎರಡು ಕೆಲಸ ಮಾಡಿದ್ದೆ. "ಸೆಕೆಗೆ ಕೋಳಿ ಕಡಿಮೆ ತಿನ್ನುತ್ತೆ, ಅದಕ್ಕೇ ಪ್ರೋಟೀನ್ ಜಾಸ್ತಿ ಮಾಡಿ" ಅಂತ ಅನುಭವಸ್ಥರೊಬ್ಬರು ಹೇಳಿದ್ದರು. ಸೋಯಾ ಹಿಂಡಿ ಹೆಚ್ಚಿಸಿದೆ. ಅದರ ಮೇಲೆ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳು ಇವು) ಟಾನಿಕ್ ತಂದು ನೀರಿಗೆ ಬೆರೆಸಿದೆ. ಎರಡೂ ಕೋಳಿಯ ಒಳ್ಳೆಯದಕ್ಕೇ ಅಂತ ನಂಬಿದ್ದೆ. ಆ ದಿನದ ಸಾವಿಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಗಾಳಿ ಓಡಾಟ ಸಾಲದಾಗಿತ್ತು, ಕೋಳಿ ತುಂಬಾ ಒತ್ತೊತ್ತಾಗಿದ್ದವು. ಆದರೆ ಸುಡುವ ಬಿಸಿಲಲ್ಲಿ ನಾನೇ ಅವುಗಳ ಹೊಟ್ಟೆಯೊಳಗೆ ಇನ್ನೊಂದಿಷ್ಟು ಬೆಂಕಿ ಹಾಕಿದ್ದೆ ಅನ್ನುವುದು ಆಮೇಲೆ ಓದಿದಾಗ ತಿಳಿಯಿತು. ಆ ಸಲಹೆ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅದಕ್ಕೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಅಮೈನೋ ಆಮ್ಲಗಳ ವಿರೋಧಿ ಅಲ್ಲ. ಈಗಲೂ ಬಳಸುತ್ತೇನೆ, ಬಳಸಿ ಅಂತಲೂ ಹೇಳುತ್ತೇನೆ. ಆದರೆ ಅವು ಹೆಚ್ಚುವರಿ ಪ್ರೋಟೀನ್‌ನ ಜಾಗಕ್ಕೆ ಬರಬೇಕು. ಪ್ರೋಟೀನ್ ಮೇಲೆ ಇನ್ನೊಂದು ಹೇರಾಗಿ ಬರಬಾರದು. ನನ್ನ ಮಾತು ಇಷ್ಟೇ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈಯ ಶಾಖ 41ರಿಂದ 42 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿಯೂ ಅದರ ಹತ್ತಿರಕ್ಕೆ ಬಂದರೆ ಮೈಯಿಂದ ಶಾಖ ಹೊರಗೆ ಹೋಗಲು ದಾರಿಯೇ ಕಡಿಮೆ. ಉಳಿಯುವುದು ತೇಕುವುದೊಂದೇ. ಬಾಯಿ, ಗಂಟಲಿನ ಪಸೆ ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದೂ ಸರಿಯಾಗಿ ನಡೆಯುವುದಿಲ್ಲ. ಶಾಖ ಹೊರಗಿನಿಂದ ಮಾತ್ರ ಬರುವುದಿಲ್ಲ, ಅದು ಮುಖ್ಯ. ತಿಂದದ್ದು ಅರಗಿ ಮೈಗೆ ಹತ್ತುವಾಗಲೂ ಶಾಖ ಹುಟ್ಟುತ್ತದೆ. ಕೊಬ್ಬಿನಿಂದ ಕಡಿಮೆ, ಪಿಷ್ಟದಿಂದ ಸ್ವಲ್ಪ ಹೆಚ್ಚು, ಪ್ರೋಟೀನ್‌ನಿಂದ ಎಲ್ಲಕ್ಕಿಂತ ಹೆಚ್ಚು.

ಯಾಕೆ ಹಾಗೆ? ಮೈ ಬಳಸಿಕೊಳ್ಳಲಾಗದ ಅಮೈನೋ ಆಮ್ಲವನ್ನು ಕೋಳಿ ಕೂಡಿಡಲಾರದು. ಒಡೆದು ಹಾಕಲೇಬೇಕು. ಅದರ ಸಾರಜನಕವನ್ನು ಬೇರ್ಪಡಿಸಿ, ಯೂರಿಕ್ ಆಮ್ಲ ಮಾಡಿ, ಹಿಕ್ಕೆಯಲ್ಲಿ ಹೊರಹಾಕಬೇಕು. ಕೋಳಿ ಹಿಕ್ಕೆಯ ಮೇಲೆ ಕಾಣುವ ಆ ಬಿಳಿ ಭಾಗ ಅದೇ. ಈ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ, ಶಾಖ ಹುಟ್ಟುತ್ತದೆ. ಕೋಳಿ ನೀರು ಜಾಸ್ತಿ ಕುಡಿಯುತ್ತದೆ, ಲಿಟ್ಟರ್ (ಶೆಡ್ ನೆಲಕ್ಕೆ ಹಾಸಿದ ಹೊಟ್ಟು) ಒದ್ದೆಯಾಗುತ್ತದೆ, ಅಮೋನಿಯಾ ಏಳುತ್ತದೆ. ತೇಕುತ್ತಿರುವ ಕೋಳಿ ಆ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. ನನ್ನ ಶೆಡ್‌ನಲ್ಲಿ ಆ ವಾರ ಕಣ್ಣು ಉರಿಯುತ್ತಿತ್ತು. ನಾನು ಅದನ್ನು ಸೋಯಾ ಹಿಂಡಿಗೆ ಜೋಡಿಸಿ ಯೋಚಿಸಿಯೇ ಇರಲಿಲ್ಲ.

ಹಾಗಾದರೆ ಎಲ್ಲರೂ ಪ್ರೋಟೀನ್ ಯಾಕೆ ಹೆಚ್ಚಿಸುತ್ತಾರೆ? ಚೀಲದ ಮೇಲೆ ಕಾಣುವುದು ಆ ಒಂದೇ ಸಂಖ್ಯೆ, ಅದಕ್ಕೆ. ಕ್ರೂಡ್ ಪ್ರೋಟೀನ್ ಅಂದರೆ ಫೀಡ್‌ನಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದ್ದು. ಅದರಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಕೋಳಿಗೆ ಬೇಕಾದದ್ದು ಪ್ರೋಟೀನ್ ಅನ್ನುವ ಮೊತ್ತ ಅಲ್ಲ, ಒಂದೊಂದು ಅಮೈನೋ ಆಮ್ಲವೂ ಅದರದರ ಅಳತೆಯಲ್ಲಿ ಬೇಕು. ಒಂದು ಪದ ಬರೆಯುವಾಗ ಒಂದು ಅಕ್ಷರ ಇಲ್ಲದಿದ್ದರೆ ಉಳಿದ ಅಕ್ಷರಗಳು ರಾಶಿ ಬಿದ್ದಿದ್ದರೂ ಪದ ಆಗುವುದಿಲ್ಲ ಅಲ್ವಾ, ಹಾಗೆ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಫೀಡ್‌ನಲ್ಲಿ ಮೊದಲು ಕೊರತೆಯಾಗುವುದು ಮೆಥಿಯೋನಿನ್. ಆಮೇಲೆ ಲೈಸಿನ್, ಆಮೇಲೆ ಥ್ರಿಯೋನಿನ್. ಮೆಥಿಯೋನಿನ್ ಕೊರತೆಯನ್ನು ಸೋಯಾ ಹಿಂಡಿಯಿಂದಲೇ ತುಂಬಲು ಹೋದರೆ ಬೇರೆ ಹತ್ತಾರು ಅಮೈನೋ ಆಮ್ಲಗಳು ಬೇಡದಷ್ಟು ಬಂದು ಬೀಳುತ್ತವೆ. ಅದೇ ಮೆಥಿಯೋನಿನ್ ಪುಡಿಯನ್ನು ನೇರವಾಗಿ ಬೆರೆಸಿದರೆ ಹಿಂಡಿ ಇಳಿಸಬಹುದು. ಹೊಟ್ಟೆಯೊಳಗಿನ ಬೆಂಕಿಯೂ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಎನ್‌ಆರ್‌ಸಿ (ನ್ಯಾಷನಲ್ ರಿಸರ್ಚ್ ಕೌನ್ಸಿಲ್) 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ದಿನಕ್ಕೆ 100 ಗ್ರಾಂ ತಿನ್ನುವ ಬಿಳಿ ಮೊಟ್ಟೆಯ ಕೋಳಿಗೆ ಫೀಡ್‌ನಲ್ಲಿ ಮೆಥಿಯೋನಿನ್ ಶೇ. 0.30 ಇರಬೇಕು. ಅಂದರೆ ದಿನಕ್ಕೆ 300 ಮಿಲಿಗ್ರಾಂ. ಈಗಿನ ತಳಿಗಳಿಗೆ ಕಂಪನಿಯವರು ಇದಕ್ಕಿಂತ ಜಾಸ್ತಿ ಹೇಳುತ್ತಾರೆ, ಅದು ಬೇರೆ ಮಾತು. ಸೆಕೆಗೆ ಅದೇ ಕೋಳಿ 80 ಗ್ರಾಂ ಮಾತ್ರ ತಿಂದರೆ ಸಿಗುವುದು 240 ಮಿಲಿಗ್ರಾಂ. 60 ಮಿಲಿಗ್ರಾಂ ಕಡಿಮೆ. 80 ಗ್ರಾಂನಲ್ಲೇ 300 ಸಿಗಬೇಕಾದರೆ ಫೀಡ್‌ನಲ್ಲಿ ಶೇ. 0.375 ಇರಬೇಕು. ಒಂದು ಟನ್ ಫೀಡ್‌ಗೆ ಹೆಚ್ಚುವರಿ 750 ಗ್ರಾಂ. ಅಷ್ಟೇ! ನನ್ನವು ಬ್ರಾಯ್ಲರ್, ಅಳತೆ ಬೇರೆ. ಆದರೂ ಇಂಥ ಸಣ್ಣ ಕೊರತೆಗೆ ನಾನು ಮೂಟೆಗಟ್ಟಲೆ ಹಿಂಡಿ ಸುರಿದಿದ್ದೆ.

ಇದೇ ಲೆಕ್ಕವನ್ನು ಟಾನಿಕ್ ಬಾಟಲಿಗೂ ಹಾಕಿ ನೋಡಿ. 1000 ಕೋಳಿಗೆ ತಲಾ 60 ಮಿಲಿಗ್ರಾಂ ಅಂದರೆ ದಿನಕ್ಕೆ 60 ಗ್ರಾಂ ಮೆಥಿಯೋನಿನ್. ಸಾದಾ ಡಿಎಲ್-ಮೆಥಿಯೋನಿನ್ ಲೀಟರ್ ನೀರಿನಲ್ಲಿ ಕರಗುವುದೇ ಸುಮಾರು 30 ಗ್ರಾಂ. ಹಾಗಾದರೆ "1000 ಕೋಳಿಗೆ 100 ಮಿಲಿ" ಅಂತ ಬರೆದ ದ್ರಾವಣದಲ್ಲಿ ಅದು ಎಷ್ಟು ಹಿಡಿದೀತು? ಹೆಚ್ಚೆಂದರೆ 3 ಗ್ರಾಂ. ಬೇಕಾದದ್ದರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಲೇಬಲ್ ಮೇಲೆ 18 ಅಮೈನೋ ಆಮ್ಲಗಳ ಹೆಸರಿದ್ದರೆ ಸಾಲದು. ಯಾವುದು ಎಷ್ಟು ಮಿಲಿಗ್ರಾಂ ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ ನಾನಂತೂ ಕೊಳ್ಳುವುದಿಲ್ಲ. ಅದರಲ್ಲಿ ಸಕ್ಕರೆ ಅಂಶ ಇದ್ದರೆ ನಿಪ್ಪಲ್ ಲೈನ್ (ಕೋಳಿ ಕುಡಿಯುವ ನೀರಿನ ಪೈಪು) ಒಳಗೆ ಲೋಳೆ ಕಟ್ಟುತ್ತದೆ. ನೀರು ಅತಿ ಮುಖ್ಯವಾದ ದಿನವೇ ನಿಪ್ಪಲ್ ಕಟ್ಟಿಕೊಂಡರೆ ಏನು ಗತಿ ಯೋಚಿಸಿ.

"ಇವೆಲ್ಲ ಕೆಮಿಕಲ್, ಕೋಳಿಗೆ ಕೊಡಬಾರದು" ಅನ್ನುವವರೂ ಇದ್ದಾರೆ. ಫೀಡ್‌ಗೆ ಬಳಸುವ ಲೈಸಿನ್ ಅನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ತೆಗೆಯುತ್ತಾರೆ. ಜಪಾನಿನಲ್ಲಿ 1950ರ ದಶಕದಲ್ಲಿ ಸಿಕ್ಕ ಒಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ಈ ದಾರಿ ತೆರೆಯಿತು. ಮೆಥಿಯೋನಿನ್ ಮಾತ್ರ ಹೆಚ್ಚಾಗಿ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಅದರಲ್ಲಿ ಡಿ, ಎಲ್ ಅನ್ನುವ ಎರಡು ರೂಪಗಳಿರುತ್ತವೆ. ಡಿ ರೂಪವನ್ನೂ ಕೋಳಿ ತನ್ನ ಮೈಗೆ ಬೇಕಾದ ಎಲ್ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹಿಂಡಿಯಿಂದ ಬಂದದ್ದಕ್ಕೂ ಪುಡಿಯಿಂದ ಬಂದದ್ದಕ್ಕೂ ಕೊನೆಗೆ ವ್ಯತ್ಯಾಸವಿಲ್ಲ.

ಹಾಗಂತ ಮನಸ್ಸಿಗೆ ಬಂದಷ್ಟು ಸುರಿಯುವ ಹಾಗಿಲ್ಲ. ಅತಿಯಾದರೆ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವ ಅಮೈನೋ ಆಮ್ಲ ಮೆಥಿಯೋನಿನ್ನೇ. ಲೈಸಿನ್ ಒಂದನ್ನೇ ಏರಿಸಿದರೆ ಆರ್ಜಿನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲಕ್ಕೆ ಪೆಟ್ಟು ಬೀಳುತ್ತದೆ, ಅದು ಮೈಯಲ್ಲಿ ಬೇಗ ಒಡೆದುಹೋಗುತ್ತದೆ. ನಮ್ಮ ಮೈ ಸ್ವಲ್ಪ ಆರ್ಜಿನಿನ್ ತಾನೇ ತಯಾರಿಸಿಕೊಳ್ಳುತ್ತದೆ. ಕೋಳಿಗೆ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೆಕೆಯಲ್ಲಿರುವ ಬ್ರಾಯ್ಲರ್‌ಗಳ ಕರುಳು ಆರ್ಜಿನಿನ್ ಹೀರಿಕೊಳ್ಳುವುದು ತಗ್ಗುತ್ತದೆ ಅಂತ ಕಂಡಿತ್ತು. ಬೇಸಿಗೆಯಲ್ಲಿ ಲೈಸಿನ್‌ಗೆ ಹೋಲಿಸಿ ಆರ್ಜಿನಿನ್ ಪಾಲು ಹೆಚ್ಚಿರಬೇಕು ಅನ್ನುವ ಮಾತು ಇಂಥ ಕೆಲಸಗಳಿಂದ ಬಂದದ್ದು. ಸುಮ್ನೆ ಒಂದು ಲೈಸಿನ್ ಪ್ಯಾಕೆಟ್ ತಂದು ಬೆರೆಸುವವರು ಇದನ್ನು ಗಮನಿಸಬೇಕು.

ಇಲ್ಲೇ ಇನ್ನೊಂದು ವಿಷಯ, ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು. ಜಪಾನಿನ ಕ್ಯುಶು ವಿಶ್ವವಿದ್ಯಾಲಯದವರು ಮರಿಗಳಿಗೆ ಸಿಟ್ರುಲಿನ್ ಕುಡಿಸಿ ನೋಡಿದರು. ಮರಿಗಳ ಮೈಶಾಖವೇ ಇಳಿಯಿತು. ಆರ್ಜಿನಿನ್ ಕುಡಿಸಿದಾಗ ಹಾಗೆ ಆಗಲಿಲ್ಲ. ಸಿಟ್ರುಲಿನ್ ಪ್ರೋಟೀನ್ ಕಟ್ಟಲು ಬಳಕೆಯಾಗುವ ಅಮೈನೋ ಆಮ್ಲ ಅಲ್ಲ. ಅಂದರೆ ಈ ಪದಾರ್ಥಗಳ ಕೆಲಸ ಮಾಂಸ ಕಟ್ಟುವುದಷ್ಟೇ ಅಲ್ಲ ಅಂತಾಯಿತು. ಸೆಕೆಯಲ್ಲಿ ರಕ್ತ ಚರ್ಮದ ಕಡೆ ಓಡುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ. ಕರುಳಿನ ಒಳಪದರ ಸಡಿಲವಾಗಿ, ಒಳಗೇ ಇರಬೇಕಾದ ವಿಷ ರಕ್ತಕ್ಕೆ ಸೋರುತ್ತದೆ. ಆ ಪದರದ ಜೀವಕೋಶಗಳಿಗೆ ಗ್ಲುಟಾಮಿನ್ ಆಹಾರ. ಅದರ ಮೇಲಿನ ಲೋಳೆಗೆ ಥ್ರಿಯೋನಿನ್ ಬೇಕು. ಮೆಥಿಯೋನಿನ್‌ನಿಂದ ಸಿಸ್ಟೀನ್ ಆಗಿ, ಅದರಿಂದ ಗ್ಲುಟಾಥಯೋನ್ ಅನ್ನುವ ರಕ್ಷಕ ತಯಾರಾಗುತ್ತದೆ. ಗ್ಲೈಸಿನ್‌ನ ಸಂಬಂಧಿಯಾದ ಬೀಟೈನ್ ಜೀವಕೋಶಗಳಲ್ಲಿ ನೀರು ಹಿಡಿದಿಡಲು ನೆರವಾಗುತ್ತದೆ. ನಾನು ಬೇಸಿಗೆಗೆ ಬೀಟೈನ್ ತಪ್ಪಿಸುವುದಿಲ್ಲ.

ಪ್ರೋಟೀನ್ ಇಳಿಸುವುದರಲ್ಲೂ ಒಂದು ಮಿತಿ ಇದೆ. ಇಳಿಸಿದ ಪ್ರಯೋಗಗಳೆಲ್ಲ ಗೆದ್ದಿಲ್ಲ. ಸೆಕೆಯಲ್ಲಿ ಪ್ರೋಟೀನ್ ತೀರಾ ಕಡಿಮೆಯಾಗಿ ಬ್ರಾಯ್ಲರ್‌ಗಳ ಬೆಳವಣಿಗೆ ಇನ್ನೂ ಕುಗ್ಗಿದ್ದೂ ಇದೆ. ಲೈಸಿನ್, ಮೆಥಿಯೋನಿನ್ ಮಾತ್ರ ಸರಿಮಾಡಿ ಹಿಂಡಿ ತೀರಾ ತಗ್ಗಿಸಿದರೆ ವ್ಯಾಲಿನ್, ಆರ್ಜಿನಿನ್, ಗ್ಲೈಸಿನ್ ಕೊರತೆ ಶುರುವಾಗುತ್ತದೆ. ನಾನು ಪ್ರೋಟೀನ್ ಶೇಕಡಾವಾರನ್ನು ಒಂದು, ಒಂದೂವರೆ ಪಾಯಿಂಟ್‌ಗಿಂತ ಹೆಚ್ಚು ಇಳಿಸುವುದಿಲ್ಲ. ಅದೂ ಪೌಷ್ಟಿಕತೆ ತಿಳಿದವರ ಹತ್ತಿರ ಫಾರ್ಮುಲಾ ತೋರಿಸಿಯೇ. ತೆಗೆದ ಹಿಂಡಿಯ ಜಾಗಕ್ಕೆ ಮೆಕ್ಕೆಜೋಳದ ಜೊತೆ ಸ್ವಲ್ಪ ಎಣ್ಣೆ ಹಾಕುತ್ತೇನೆ. ಶಕ್ತಿ ಸಿಗುತ್ತದೆ, ಶಾಖ ಕಡಿಮೆ.

ಮೊಟ್ಟೆ ಸಿಪ್ಪೆ ತೆಳ್ಳಗಾಯಿತು ಅಂತ ಅಮೈನೋ ಆಮ್ಲ ಕೊಡುವವರನ್ನು ನೋಡಿದ್ದೇನೆ. ಅದು ಬೇರೆ ತೊಂದರೆ. ತೇಕಿ ತೇಕಿ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸಿಪ್ಪೆ ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲುವುದಿಲ್ಲ. ಅಲ್ಲಿ ಅಡುಗೆ ಸೋಡಾದಂಥ ಲವಣಗಳು ನೆರವಾಗುತ್ತವೆ, ಮೆಥಿಯೋನಿನ್ ಅಲ್ಲ.

ಅಮೈನೋ ಆಮ್ಲ ತುರ್ತು ಔಷಧಿ ಅಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಕೋಳಿ ಬೀಳಲು ಶುರುವಾದ ಮೇಲೆ ಬೇಕಾದದ್ದು ಗಾಳಿ ಮತ್ತು ತಣ್ಣನೆಯ ನೀರು. ಆ ಹೊತ್ತಿಗೆ ಬಾಟಲಿ ಹುಡುಕಿಕೊಂಡು ಓಡಬೇಡಿ. ಫೀಡ್ ಬದಲಾವಣೆ ಬಿಸಿಲು ಏರುವ ಮೊದಲೇ, ವಾರಗಳ ಮುಂಚೆ ಆಗಿರಬೇಕು. ಒಂದು ಬಗೆಯ ಪ್ರಯೋಗ ಇದೆ. ಸೆಕೆಯಲ್ಲಿರುವ ಕೋಳಿಗಳು ಎಷ್ಟು ತಿನ್ನುತ್ತವೋ ಅಷ್ಟನ್ನೇ ಅಳೆದು ತಂಪಿನಲ್ಲಿರುವ ಕೋಳಿಗಳಿಗೆ ಕೊಡುತ್ತಾರೆ. ತಿಂದದ್ದು ಒಂದೇ, ಆದರೂ ತಂಪಿನಲ್ಲಿದ್ದವು ಹೆಚ್ಚು ಬೆಳೆಯುತ್ತವೆ. ಅಂದರೆ ಸೆಕೆ ತಾನಾಗಿಯೇ ಬೆಳವಣಿಗೆ ತಿನ್ನುತ್ತದೆ. ಫೀಡ್‌ನಲ್ಲಿ ಏನನ್ನು ಸರಿಮಾಡಿದರೂ ಆ ಪಾಲು ವಾಪಸು ಬರುವುದಿಲ್ಲ. ಫ್ಯಾನ್, ಚಾವಣಿಗೆ ಬಿಳಿ ಬಣ್ಣ, ನೆರಳಲ್ಲಿರುವ ಟ್ಯಾಂಕ್, ಕಡಿಮೆ ಸಂಖ್ಯೆಯ ಕೋಳಿ, ಇವಕ್ಕೆ ಬದಲಿ ಪುಡಿ ಯಾವುದೂ ಇಲ್ಲ.

ಆ ಬೇಸಿಗೆಯ ನಂತರ ನಾನು ಬೆಳಿಗ್ಗೆ ಬಿಸಿಲೇರುವ ಮೊದಲೇ ಫೀಡರ್ ಎತ್ತಿಬಿಡುತ್ತೇನೆ. ತಿಂದ ಕೆಲವು ಗಂಟೆಗಳ ನಂತರ ಹುಟ್ಟುವ ಶಾಖ ನಡುಮಧ್ಯಾಹ್ನಕ್ಕೆ ಸೇರಬಾರದು ಅಂತ. ಸಂಜೆ ತಂಪಾದ ಮೇಲೆ ಇಳಿಸುತ್ತೇನೆ, ರಾತ್ರಿ ಲೈಟ್ ಹಾಕಿ ತಿನ್ನಿಸುತ್ತೇನೆ. ಪ್ರೋಟೀನ್ ಸ್ವಲ್ಪ ಇಳಿಸಿದೆ, ಮೆಥಿಯೋನಿನ್, ಲೈಸಿನ್, ಥ್ರಿಯೋನಿನ್, ಆರ್ಜಿನಿನ್ ಲೆಕ್ಕ ಸರಿಮಾಡಿಸಿದೆ. ಫ್ಯಾನ್ ಹೆಚ್ಚಿಸಿದೆ. ಮುಂದಿನ ಬೇಸಿಗೆಯಲ್ಲಿ ಸಾವು ಬಹಳ ಕಡಿಮೆಯಾಯಿತು. ಅದರಲ್ಲಿ ಫ್ಯಾನ್ ಪಾಲೆಷ್ಟು, ಫೀಡ್ ಪಾಲೆಷ್ಟು ಅಂತ ಬಿಡಿಸಿ ಹೇಳಲು ನನ್ನಿಂದಾಗದು, ಎಲ್ಲ ಒಟ್ಟಿಗೇ ಬದಲಿಸಿದ್ದೆ. ಆದರೆ ಲಿಟ್ಟರ್ ಒಣಗಿತ್ತು. ಒಳಗೆ ಹೋದರೆ ಕಣ್ಣು ಉರಿಯಲಿಲ್ಲ. ಮಧ್ಯಾಹ್ನ ಎರಡೂವರೆಗೆ ಶೆಡ್‌ನಲ್ಲಿ ಕೊಕ್ಕೊಕ್ಕೋ ಸದ್ದು ಇತ್ತು.

ಬೇಸಿಗೆಗೆ ಫೀಡ್ ಬದಲಿಸಿದವರು ಇದ್ದರೆ ಕೆಳಗೆ ಬರೆಯಿರಿ. ಪ್ರೋಟೀನ್ ಎಷ್ಟಿಂದ ಎಷ್ಟಕ್ಕೆ ಇಳಿಸಿದಿರಿ, ಯಾವ ಅಮೈನೋ ಆಮ್ಲ ಸೇರಿಸಿದಿರಿ, ತೂಕ ಏನಾಯಿತು, ಲಿಟ್ಟರ್ ಹೇಗಿತ್ತು. ಸರಿ ಬರದಿದ್ದರೆ ಅದನ್ನೂ ಬರೆಯಿರಿ. ನನಗೆ ಅದು ಇನ್ನೂ ಜಾಸ್ತಿ ಬೇಕು.