ಸ್ಪಷ್ಟನೆ: ‘ಊದಲ್ಲ ಅಂದ್ರೆ ಕೇಸಿಲ್ಲ’ ಎಂಬ ಮೆಸೇಜ್ ತಪ್ಪು

‘ಪೊಲೀಸರ ಮಷೀನ್ ಸುಳ್ಳು ತೋರಿಸುತ್ತೆ, ಊದಲ್ಲ ಅಂದುಬಿಡಿ, ಕೇಸೇ ಆಗಲ್ಲ’ ಎಂದು, ಕುಡಿದು ಗಾಡಿ ಓಡಿಸುವವರನ್ನು ಪತ್ತೆಹಚ್ಚಲು ಪೊಲೀಸರು ಊದಿಸುವ ಮಷೀನ್ ಬಗ್ಗೆ ಬಂದ ವಾಟ್ಸಾಪ್ ಮೆಸೇಜನ್ನು ಮೊನ್ನೆ ನಾನೂ ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

1988ರ ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ, ಕುಡಿದಿರುವ ಅನುಮಾನವಿದ್ದು ಊದಲು ಒಪ್ಪದಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು. 204ರಂತೆ ರಕ್ತ ಪರೀಕ್ಷೆಗೂ ಕರೆದೊಯ್ಯಬಹುದು. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದ್ದೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಹೋಗುತ್ತದೆ.

ಮಷೀನ್ ವಿಷಯದಲ್ಲಿ ಅರ್ಧ ಸತ್ಯವಿದೆ. ಅದು ರಕ್ತವನ್ನು ನೋಡುವುದಿಲ್ಲ. ಉಸಿರಿನಲ್ಲಿರುವ ಆಲ್ಕೋಹಾಲನ್ನು ಅಳೆದು, ಸಾಮಾನ್ಯವಾಗಿ 2100ರಿಂದ ಗುಣಿಸಿ ರಕ್ತದ ಲೆಕ್ಕ ಹೇಳುತ್ತದೆ. ಉಸಿರಿಗೂ ರಕ್ತಕ್ಕೂ ಇರುವ ಈ ಅನುಪಾತ ಎಲ್ಲರಲ್ಲೂ ಒಂದೇ ಇರಲ್ಲ. ಹಾಗಾಗಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿಯ ಆಸುಪಾಸಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಆಲ್ಕೋಹಾಲ್ ಇರುವ ಮೌತ್‌ವಾಶಿನಿಂದ ಆಗಷ್ಟೇ ಬಾಯಿ ಮುಕ್ಕಳಿಸಿದ್ದರೂ ಅಂಕಿ ಏರುತ್ತದೆ. ಆದರೆ ಅದು ಬರೀ ಬಾಯಲ್ಲಿರುವ ಅಂಶ, ಸುಮಾರು ಕಾಲು ಗಂಟೆಯಲ್ಲಿ ಇಳಿದುಹೋಗುತ್ತದೆ. ಆಮೇಲೆ ಊದಿದರೂ 150 ಮಿಲಿಗ್ರಾಂ ತೋರಿಸಿದರೆ ಮೌತ್‌ವಾಶ್ ಕಾರಣವಲ್ಲ. ಏಲಕ್ಕಿ ಜಗಿದರೂ ಅಷ್ಟೇ, ವಾಸನೆ ಮುಚ್ಚಬಹುದು, ಶ್ವಾಸಕೋಶದಿಂದ ಬರುವ ಗಾಳಿ ಬದಲಾಗಲ್ಲ ಅಲ್ವಾ?

ಅನುಮಾನವಿದ್ದರೆ ಊದಲು ಹೊಸ ಕೊಳವೆ ಕೇಳಿ, ಕಾಲು ಗಂಟೆ ಬಿಟ್ಟು ಮತ್ತೆ ಊದುತ್ತೇನೆ ಎನ್ನಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿ.

ಆ ಮೆಸೇಜ್ ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ನನ್ನಿಂದ ಪಡೆದವರು ಈಗಾಗಲೇ ಬೇರೆಯವರಿಗೆ ಕಳಿಸಿದ್ದರೆ ಅವರಿಗೂ ಇದನ್ನು ತಿಳಿಸಿ.