ಹಾಲು ಬಿಡಿಸುವ ಅವಸರ ಯಾರಿಗೆ?

ಹೋದ ತಿಂಗಳು ಚಿಕ್ಕಪ್ಪನ ಮಗಳ ಕುಬಸಕ್ಕೆ ಹಾವೇರಿ ಜಿಲ್ಲೆಯ ನಮ್ಮೂರಿಗೆ ಹೋಗಿದ್ದೆ. ಹಸಿರು ಸೀರೆ ಉಡಿಸಿ, ಹೂವಿನ ದಂಡಿ ಕಟ್ಟಿ, ಬಸುರಿಯನ್ನು ನಡುಮನೆಯಲ್ಲಿ ಕೂರಿಸಿ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಇದನ್ನು ತಿನ್ನು, ಅದನ್ನು ಮುಟ್ಟಬೇಡ, ಮಗ್ಗುಲಾಗಿ ಮಲಗು, ಬಾಣಂತನಕ್ಕೆ ಅಳವಿ ಈಗಲೇ ತರಿಸಿಡು ಎಂದು ಒಬ್ಬೊಬ್ಬರದೂ ಒಂದೊಂದು ಮಾತು. ಅಷ್ಟರಲ್ಲಿ ನನ್ನ ಮಗಳಿಗೆ ನಿದ್ದೆ ಬಂತು. ಅವಳಿಗೀಗ ಒಂದೂ ಮುಕ್ಕಾಲು ವರ್ಷ. ನಿದ್ದೆ ಬಂದರೆ ಅವಳಿಗೆ ಅಮ್ಮಿ ಬೇಕು. ತೊಡೆಯೇರಿ, ಸೆರಗು ಸರಿಸಿ, ತಾನೇ ಬಾಯಿ ಹಾಕಿದಳು.

ಮಾತು ಗಕ್ಕನೆ ನಿಂತಿತು. "ಇಷ್ಟ ದೊಡ್ಡಾಕಿ ಆಗ್ಯಾಳ, ಓಡ್ಯಾಡ್ತಾಳ, ಮಾತಾಡ್ತಾಳ. ಇನ್ನೂ ಮೊಲಿ ಬಿಡಿಸಿಲ್ಲೇನವಾ?" ಎಂದರು ದೊಡ್ಡಮ್ಮ. "ಗಂಡಸರು ಅಡ್ಡಾಡ್ತಾರ, ಒಳಗ ಹೋಗು" ಎಂದು ಇನ್ನೊಬ್ಬರು ಎಬ್ಬಿಸಿದರು. ಜೋಳದ ಚೀಲ ಒಟ್ಟಿದ ಹಿಂದಿನ ಕೋಣೆಯಲ್ಲಿ, ಗಾಳಿಯಿಲ್ಲದೆ ಬೆವರುತ್ತ, ಅರೆನಿದ್ದೆಯಿಂದ ಎದ್ದು ಅಳುತ್ತಿದ್ದ ಕೂಸಿಗೆ ಕುಡಿಸಿ ಮಲಗಿಸಿದೆ. ಊಟ ಆದ ಮೇಲೆ ದೊಡ್ಡಮ್ಮ ಸಣ್ಣದೊಂದು ಸ್ಟೀಲ್ ಬಟ್ಟಲು ಹಿಡಿದುಕೊಂಡು ಬಂದರು. ಹಿತ್ತಲ ಬೇವಿನ ತಪ್ಪಲನ್ನು ಒರಳಲ್ಲಿ ನುಣ್ಣಗೆ ಅರೆದಿದ್ದರು. ಅಂಚಿನಲ್ಲಿ ಹಸಿರು ನೀರು ಬಿಟ್ಟುಕೊಂಡಿತ್ತು, ವಾಸನೆಗೇ ಗಂಟಲು ಕಹಿಯಾಯಿತು. "ರಾತ್ರಿ ಹಚ್ಚಕೋ. ಎರಡ ದಿನದಾಗ ಮರೀತಾಳ" ಎಂದು ಕೈಗಿತ್ತರು.

ನಾನು ಹಚ್ಚಿಕೊಳ್ಳಲಿಲ್ಲ. ಬಟ್ಟಲು ತೊಳೆದು ಡಬ್ಬು ಹಾಕಿದೆ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇದೇ ಮನೆಯಲ್ಲಿ, ಇದೇ ದೊಡ್ಡಮ್ಮನ ಮೊಮ್ಮಗ ಮೂರು ವರ್ಷ ತುಂಬುವವರೆಗೂ ತಾಯಿ ಹಾಲು ಕುಡಿದದ್ದು ನನ್ನ ಕಣ್ಣಮುಂದೆ ಇದೆ. ಅವನು ಓಣಿಯಲ್ಲಿ ಗೋಲಿ ಆಡಿ ಬಂದು, ಕೈಕಾಲು ತೊಳೆಯದೆ ತಾಯಿಯ ಮಡಿಲಿಗೆ ಬೀಳುತ್ತಿದ್ದ. ಆಗ ಯಾರೂ ಬೇವು ಅರೆಯಲಿಲ್ಲ. "ಗಂಡ ಹುಡುಗ, ಕುಡೀಲಿ ಬಿಡು, ಗಟ್ಟಿ ಆಗ್ತಾನ" ಎಂಬ ಮಾತನ್ನು ಅದೇ ನಡುಮನೆಯಲ್ಲಿ ಕೇಳಿದ್ದೇನೆ. ಹೆಣ್ಣುಮಗು ವರ್ಷ ದಾಟಿದರೆ ಹಾಲು ನೀರಾಗಿಬಿಡುತ್ತದೆಯೇ? ಹುಡುಗನನ್ನು ಗಟ್ಟಿ ಮಾಡುವ ಹಾಲು ಹುಡುಗಿಗೆ ನಾಚಿಕೆಗೇಡು ಆಗುವುದು ಹೇಗೆ? ಈ ಪ್ರಶ್ನೆಯನ್ನು ನಾನು ಅಲ್ಲೇ ಕೇಳಿದೆ. ಉತ್ತರ ಕೊಡದೆ ದೊಡ್ಡಮ್ಮ ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಹೊರಗೆ ಹೋದರು.

ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮುಂಬಯಿಯನ್ನು ನಾನು ಮನಸಾರೆ ಹೊಗಳಿದ್ದು ಕಡಿಮೆ. ಈ ಗರ್ದಿ, ಈ ಮಳೆಗಾಲ, ಬಟ್ಟೆ ಒಣಗದ ಬಾಲ್ಕನಿ, ಕೈಬಡಿದ ಬಿಸಿ ರೊಟ್ಟಿಗಾಗಿ ಹಂಬಲಿಸುವ ಸಂಜೆಗಳು. ಆದರೆ ಈ ಒಂದು ವಿಷಯದಲ್ಲಿ ಈ ಊರಿನ ಋಣ ನನ್ನ ಮೇಲಿದೆ, ಅದನ್ನು ಹೇಳಲೇಬೇಕು.

ಒಂದು ಶನಿವಾರ ಮಧ್ಯಾಹ್ನ ಮಾಟುಂಗಾದಲ್ಲಿ ಬಾಳೆಎಲೆ, ಹೂವು, ಕಾಫಿಪುಡಿ ಕೊಂಡು ಮಗಳೊಂದಿಗೆ ಸ್ಲೋ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿ ತುಂಬಿತ್ತು. ಸಾಯನ್ ದಾಟುವ ಹೊತ್ತಿಗೆ ಮಗಳು ರಂಪ ಶುರು ಮಾಡಿದಳು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಒರಗಿದ್ದ ನನ್ನನ್ನು ಕಿಟಕಿ ಪಕ್ಕದ ಹೆಂಗಸು ನೋಡಿದಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. "ಖಿಡಕೀಜವಳ್ ಯೇ, ಬಾಳಾಲಾ ಪಾಜ್" (ಕಿಟಕಿ ಹತ್ತಿರ ಬಾ, ಕೂಸಿಗೆ ಕುಡಿಸು) ಎಂದು ಎದ್ದು ನನ್ನನ್ನು ಒಳಕ್ಕೆ ಸರಿಸಿ, ತಾನು ತುದಿಗೆ ಕೂತಳು. ಮಗಳು ಉದ್ದಕ್ಕೆ ಮಲಗಿ ಕುಡಿಯತೊಡಗಿದಳು. ಒಂದು ಕೈಯಲ್ಲಿ ನನ್ನ ತಾಳಿ ಹಿಡಿದು ತಿರುವುವುದು ಅವಳ ರೂಢಿ. ಕಾಲೆರಡೂ ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯ ಮಡಿಲಿಗೆ ಹೋದವು. ಆ ಹುಡುಗಿ ಒಂದು ಕೈಯಲ್ಲಿ ಮೊಬೈಲ್ ಹಿಡಿದೇ, ಇನ್ನೊಂದು ಕೈಯಿಂದ ಜಾರುತ್ತಿದ್ದ ಸಣ್ಣ ಚಪ್ಪಲಿ ತೆಗೆದು ನನ್ನ ಚೀಲದ ಬಾಯಿಗೆ ಸಿಕ್ಕಿಸಿದಳು. ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ. ಹಲ್ಲು ಬಂದಿದೆಯಾ, ಅನ್ನ ತಿನ್ನುತ್ತಾಳಾ, ಇನ್ನೂ ಯಾಕೆ ಎಂದೂ ಕೇಳಲಿಲ್ಲ. ಕುರ್ಲಾದಲ್ಲಿ ನೂಕಾಟ ಜೋರಾದಾಗ ಮೆಂತ್ಯದ ಹೆಂಗಸು ತನ್ನ ಮೊಣಕೈ ಅಡ್ಡ ಹಿಡಿದು ಕೂಸಿನ ತಲೆಗೆ ಪೆಟ್ಟಾಗದಂತೆ ನೋಡಿಕೊಂಡಳು. ಠಾಣೆಯಲ್ಲಿ ಇಳಿದು ಹೋದಳು. ಅವಳ ಹೆಸರು ನನಗೆ ಗೊತ್ತಿಲ್ಲ.

ಅಲ್ಲಿ ಕೂತು ನನಗೆ ಅಳು ಬಂತು ಎಂದರೆ ಓದುವವರಿಗೆ ವಿಚಿತ್ರ ಅನಿಸಬಹುದು. ನನ್ನ ಜಾತಕ, ಗೋತ್ರ, ನನ್ನ ಹೆರಿಗೆಯ ದಿನ ಎಲ್ಲ ಬಲ್ಲ ಹೆಂಗಸರ ನಡುವೆ ಸಿಗದ ನೆಮ್ಮದಿ, ಗುರುತಿಲ್ಲದ ಹೆಂಗಸರ ನಡುವೆ ಸಿಕ್ಕಿತ್ತು.

ಯಾಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ಮುಂಬಯಿಯಲ್ಲಿ ಜಾಗವಿಲ್ಲ. ಒಂದೇ ಕೋಣೆಯಲ್ಲಿ ಮಾವ ಪೇಪರ್ ಓದಬೇಕು, ಮೈದುನ ಪರೀಕ್ಷೆಗೆ ಓದಬೇಕು, ಸೊಸೆ ಕೂಸಿಗೆ ಕುಡಿಸಬೇಕು. ಎದ್ದು ಹೋಗಲು ಇನ್ನೊಂದು ಕೋಣೆಯೇ ಇಲ್ಲದಾಗ ಇನ್ನೊಬ್ಬರತ್ತ ನೋಡದೆ ಇರುವುದನ್ನು ಮನುಷ್ಯ ಕಲಿಯುತ್ತಾನೆ. ಕಲಿತು ಕಲಿತು ಅದೇ ಮರ್ಯಾದೆಯಾಗುತ್ತದೆ. ನಮ್ಮ ಮಹಡಿಯ ಕಾಕೂ ಒಬ್ಬರು ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ, ಬೆಳೆದವರು. ತಮ್ಮ ಮಗ ಬಾಲವಾಡಿಗೆ ಹೋಗುವವರೆಗೂ ಕುಡಿಯುತ್ತಿದ್ದನೆಂದು ಯಾವ ಮುಜುಗರವೂ ಇಲ್ಲದೆ ಹೇಳುತ್ತಾರೆ. ಊರಲ್ಲಿ ಮನೆ ದೊಡ್ಡದು, ಪಡಸಾಲೆ ದೊಡ್ಡದು, ಹಾಗಾಗಿ ಹೆಣ್ಣನ್ನು ಒಳಗೆ ಕಳಿಸಲು ಯಾವಾಗಲೂ ಒಂದು ಕೋಣೆ ಇರುತ್ತದೆ.

ವರ್ಷ ದಾಟಿದ ಮೇಲೆ ಹಾಲಿನಲ್ಲಿ ಏನೂ ಇರುವುದಿಲ್ಲ ಎನ್ನುವವರಿಗೆ ಒಂದಿಷ್ಟು ಹೇಳಬೇಕು. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಆಮೇಲೆ ಊಟದ ಜೊತೆಗೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯ ಸುಮಾರು ಮೂರನೇ ಒಂದು ಪಾಲು ತಾಯಿಯ ಹಾಲಿನಿಂದಲೇ ಸಿಗಬಹುದು. ರೋಗ ತಡೆಯುವ ಅಂಶಗಳು ಹಾಲಿನಲ್ಲಿ ಆಗಲೂ ಇರುತ್ತವೆ. ಹೆಚ್ಚು ಕಾಲ ಕುಡಿಸಿದಷ್ಟೂ ತಾಯಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ತಗ್ಗುತ್ತದೆ. ಇದಕ್ಕೆ ಮುಂಬಯಿಗೆ ಬರಬೇಕಿಲ್ಲ. ನಮ್ಮೂರಿನ ಪ್ರತಿ ಬಸುರಿಯ ಕೈಯಲ್ಲೂ ಇರುವ ತಾಯಿ ಕಾರ್ಡಿನಲ್ಲಿ ಎರಡು ವರ್ಷ ಎಂದು ಅಚ್ಚಾಗಿದೆ. ಅಂಗನವಾಡಿ ಟೀಚರೂ ಆಶಾ ಕಾರ್ಯಕರ್ತೆಯೂ ಅದನ್ನೇ ಹೇಳುತ್ತಾರೆ. ಲಸಿಕೆಯ ತಾರೀಖಿಗಾಗಿ ಆ ಕಾರ್ಡನ್ನು ದೇವರ ಮಾಡದಲ್ಲಿ ಜೋಪಾನವಾಗಿಡುವ ಮನೆಯವರು ಈ ಒಂದು ಸಾಲನ್ನು ಮಾತ್ರ ಓದುವುದಿಲ್ಲ.

ಕಾನೂನು ಕೂಡ ನಮ್ಮ ಹೆಂಗಸರಿಗಿಂತ ಉದಾರವಾಗಿತ್ತು. ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲು ಕುಡಿಸಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತು ಕೊಡುವಂತಿಲ್ಲ ಎಂಬ ಕಾನೂನೂ ಇದೆ. ಆದರೂ ಕುಬಸಕ್ಕೆ ಬಂದ ಅತ್ತಿಗೆಯೊಬ್ಬಳು "ಅದನ್ನ ಬಿಡಿಸಿ ಡಬ್ಬಿ ಹಾಲು ಹಾಕು, ಮೈ ಹಿಡೀತಾಳ" ಎಂದಳು. ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಅದೇ ಡಬ್ಬಿಯ ಮೇಲೆ ಬರೆದಿರುತ್ತದೆ, ಬರೆಯಲೇಬೇಕು.

ನನಗೆ ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಹೋದ ಮಳೆಗಾಲ. ಮಗಳಿಗೆ ಜ್ವರ, ಭೇದಿ ಎರಡೂ ಒಟ್ಟಿಗೆ. ಗಂಜಿ ಉಗುಳಿದಳು, ಓಆರ್‌ಎಸ್ ಚಮಚ ಕಂಡರೆ ಮುಖ ತಿರುಗಿಸಿದಳು. ಕಣ್ಣು ಒಳಕ್ಕೆ ಹೋಗಿದ್ದವು. ಆ ದಿನಗಳಲ್ಲಿ ಅವಳು ಬೇಡವೆನ್ನದೆ ತೆಗೆದುಕೊಂಡದ್ದು ನನ್ನ ಹಾಲೊಂದನ್ನೇ. ಡಾಕ್ಟರು, "ಕುಡಿಸುತ್ತಲೇ ಇರಿ, ನಿಲ್ಲಿಸಬೇಡಿ, ನಡುನಡುವೆ ಚಮಚದಲ್ಲಿ ಓಆರ್‌ಎಸ್ ಕೊಡಿ" ಎಂದರು. ಆಗಲೇ ಬೇವು ಹಚ್ಚಿ ಬಿಡಿಸಿದ್ದರೆ ಅವಳ ಬಾಯಿಗೆ ಏನು ಹೋಗುತ್ತಿತ್ತು? ಈ ಯೋಚನೆ ಬಂದಾಗಲೆಲ್ಲ ಮೈ ನಡುಗುತ್ತದೆ.

ಮುಂಬಯಿಯಲ್ಲಿ ಎಲ್ಲವೂ ಸುಸೂತ್ರ ಎಂದು ಬರೆದರೆ ಸುಳ್ಳಾಗುತ್ತದೆ. ದೊಡ್ಡದೊಂದು ಅಂಗಡಿಯಲ್ಲಿ ಬೆಂಚಿನ ಮೇಲೆ ಕುಡಿಸುತ್ತಿದ್ದಾಗ ಸಿಬ್ಬಂದಿ ಬಂದು, ಬಹಳ ವಿನಯದಿಂದಲೇ, ಟಾಯ್ಲೆಟ್ ಕಡೆ ಕೈ ತೋರಿಸಿದ್ದರು. ಟಾಯ್ಲೆಟ್ಟಿನಲ್ಲಿ ಕೂತು ಊಟ ಮಾಡಿ ಎಂದು ದೊಡ್ಡವರಿಗೆ ಯಾರಾದರೂ ಹೇಳುತ್ತಾರೆಯೇ? ಈ ಊರಿನ ದುಡಿಮೆ ಇನ್ನೂ ಕ್ರೂರ. 26 ವಾರದ ರಜೆ ಮುಗಿದ ಮೇಲೆ ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ನೇತಾಡುತ್ತ ಹೋಗಿ, ಕತ್ತಲಾದ ಮೇಲೆ ಪಾಳಣಾಘರದಿಂದ (ಶಿಶುಪಾಲನಾ ಕೇಂದ್ರದಿಂದ) ಮಗುವನ್ನು ಕರೆದುಕೊಂಡು ಬರುವ ತಾಯಂದಿರಿಗೆ ವರ್ಷ ದಾಟುವುದಿರಲಿ, ಎಂಟು ತಿಂಗಳು ಮುಟ್ಟಿಸುವುದೇ ಕಷ್ಟ. ನನ್ನ ಜೊತೆಯಲ್ಲೇ ಹೆತ್ತ ಪಕ್ಕದ ಬಿಲ್ಡಿಂಗಿನ ಹುಡುಗಿಗೆ ಹಾಲು ಎರಡು ತಿಂಗಳಿಗೇ ಬತ್ತಿಹೋಯಿತು. ಅವಳ ಮನೆಯಲ್ಲಿ ಬೇಡ ಎಂದವರು ಯಾರೂ ಇರಲಿಲ್ಲ, ಕೈಹಿಡಿದು ಕೂರಿಸಿ ಹೀಗೆ ಹಿಡಿ, ಹೀಗೆ ಕುಡಿಸು ಎನ್ನುವವರೂ ಇರಲಿಲ್ಲ. ನೋಡದೆ ಇರುವ ಗುಣಕ್ಕೆ ಈ ಮುಖವೂ ಉಂಟು.

ನನಗೆ ಆ ಕೈ ಸಿಕ್ಕಿದ್ದು ಊರಲ್ಲೇ. ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ಹೆರಿಗೆಯಾದ ಮೊದಲ ವಾರ ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂದಾಗ, ರಾತ್ರಿಯಿಡೀ ಬಿಸಿನೀರ ಅರಿವೆ ಒತ್ತಿ, ಕೂಸಿನ ಬಾಯಿಯನ್ನು ಸರಿಯಾಗಿ ಹಿಡಿಸಿ ಹಾಲು ಇಳಿಸಿದವರು ಇದೇ ದೊಡ್ಡಮ್ಮ. ಅಂಟಿನುಂಡಿ ಕಟ್ಟಿಕೊಟ್ಟದ್ದು, ಸಬ್ಬಸಿಗೆ ಪಲ್ಯ ಮಾಡಿ ತಟ್ಟೆ ಎದುರಿಗಿಟ್ಟು ಮುಗಿಸುವವರೆಗೆ ಕದಲದೆ ಕೂತದ್ದು ಅವರೇ. ಅವರ ಬಾಣಂತನ ಇಲ್ಲದಿದ್ದರೆ ಒಂದೂ ಮುಕ್ಕಾಲು ವರ್ಷದ ಈ ಮಾತೇ ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಒಂದು ಕೂಸು ನಡೆಯುವಷ್ಟರಲ್ಲಿ ಹೊಟ್ಟೆಯಲ್ಲಿ ಇನ್ನೊಂದು. ಹೊಲದ ಕೆಲಸ ಬೇರೆ. ಬೇವು ಅರೆಯದೆ ಅವರಿಗೆ ದಾರಿಯೂ ಇರಲಿಲ್ಲವೇನೋ. ಇನ್ನೊಂದು ಮಾತಿನಲ್ಲೂ ಅವರದು ಅರ್ಧ ನಿಜ: ಹಾಲಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗು ಊಟಕ್ಕೆ ಒಲ್ಲೆನೆನ್ನುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣದ ಅಂಶ ಕಡಿಮೆ. ರಾಗಿ, ಬೇಳೆ, ಸೊಪ್ಪು ತಿನ್ನಲೇಬೇಕು. ಅದಕ್ಕೇ ನಾನು ಊಟದ ಮೊದಲು ಕುಡಿಸುವುದಿಲ್ಲ, ಆಮೇಲೆ ಕುಡಿಸುತ್ತೇನೆ. ಬೇರೆ ಕಾರಣಕ್ಕೆ, ತಮ್ಮ ದಣಿವಿಗೆ, ವರ್ಷಕ್ಕೇ ಬಿಡಿಸುವ ತಾಯಂದಿರ ಮೇಲೂ ನನಗೆ ಯಾವ ದೂರಿಲ್ಲ. ಆ ತೀರ್ಮಾನ ಅವರದಾಗಿದ್ದರೆ ಸಾಕು.

ಈಗ ಅವ್ವನ ಜೊತೆ ಹೊಸ ಜಗಳ ನಡೆದಿದೆ. ದಸರೆಗೆ ಮಗಳನ್ನು ಕರೆತಂದು ತನ್ನ ಹತ್ತಿರ ಬಿಟ್ಟುಹೋಗು, ನೀನು ಕಣ್ಣಿಗೆ ಬೀಳದಿದ್ದರೆ ತಾನೇ ಮರೆಯುತ್ತಾಳೆ ಎಂದು ಫೋನಿನಲ್ಲಿ ಒಂದೇ ಸಮನೆ ಹೇಳುತ್ತಿದ್ದಾಳೆ. ಮಗಳು ಹಗಲು ಕೇಳುವುದನ್ನು ತಾನಾಗಿಯೇ ಬಿಟ್ಟಿದ್ದಾಳೆ, ರಾತ್ರಿ ಮಲಗುವಾಗ ಮತ್ತು ಬೆಳಗಿನ ಜಾವ ಮಾತ್ರ ಕೇಳುತ್ತಾಳೆ, ಅದೂ ಅವಳಷ್ಟಕ್ಕೇ ನಿಲ್ಲುತ್ತದೆ ಎಂದರೆ ಅವ್ವ ನಂಬುವುದಿಲ್ಲ. ದಸರೆಗೆ ಟಿಕೆಟ್ ತೆಗೆದಿದ್ದೇವೆ, ಎಲ್ಲರೂ ಬರುತ್ತೇವೆ, ಹಬ್ಬ ಮುಗಿದ ಮೇಲೆ ಎಲ್ಲರೂ ವಾಪಸ್ ಹೊರಡುತ್ತೇವೆ. ಮಗಳನ್ನು ಬಿಟ್ಟು ಬರುವ ಮಾತಿಲ್ಲ ಎಂದು ಅವ್ವನಿಗೆ ಹೇಳಿಯಾಗಿದೆ.